ರಾಜಬೀದಿಯಲ್ಲಿ ಕಣ್ಣಿಗೆ ರಜೆ

ಮಗಳ ಫ್ರಾಕಿನ ಇಸ್ತ್ರಿಯಲ್ಲಿ ಕಾಲರೊಂದು ಬಾಕಿ ಇತ್ತು. ಅಷ್ಟರಲ್ಲಿ ಬೀದಿಯಿಂದ ಮೇಷ್ಟ್ರ ದನಿ ಕೇಳಿಸಿತು.

"ಏನಯ್ಯಾ, ಎದ್ದಿದೀಯೋ ಇಲ್ವೋ? ರೈಲೇನು ನಿನ್ನ ಭಾವಮೈದುನ ಅಲ್ಲ, ನೀನು ಬರೋವರೆಗೂ ಕಾಯ್ಕೊಂಡಿರೋಕೆ!"

ಕನ್ನಡಕದಣ್ಣ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದ. ಆವಿ ಹೊಡೆದು ಮಂಜಾಗಿದ್ದ ಕನ್ನಡಕವನ್ನು ತೆಗೆದು ಮೇಜಿನ ಮೇಲೆ ಹಾಸಿದ್ದ ಕಂಬಳಿಯ ಮೇಲಿಟ್ಟ. ಕಿಟಕಿಗೆ ಹೋಗಿ, "ಎದ್ದಿದೀನಿ ಮೇಷ್ಟ್ರೇ, ಹೊರಟೇಬಿಟ್ವಿ" ಎಂದು ಕೂಗಿ ಬಂದ. ಬಂದವನು ಫ್ರಾಕನ್ನು ಎಳೆದು ಸರಿಪಡಿಸಿದ. ಅದರ ತೋಳು ಮೆಲ್ಲಗೆ ಹೋಗಿ ಕನ್ನಡಕದ ಮೇಲೆ ಮಲಗಿತು. ಅವನಿಗೆ ಅದು ಕಾಣಲಿಲ್ಲ. ಕಾಣುವಂತೆ ಮಾಡಬೇಕಾಗಿದ್ದ ವಸ್ತುವೇ ಅದರ ಕೆಳಗಿತ್ತು. ಇಸ್ತ್ರಿಪೆಟ್ಟಿಗೆಯನ್ನೆತ್ತಿ ಗಟ್ಟಿಯಾಗಿ ಒಂದು ಒತ್ತು ಒತ್ತಿದ.

ಒಣ ಕಡ್ಡಿಯ ಮೇಲೆ ಎತ್ತು ಕಾಲಿಟ್ಟಂಥ ಸದ್ದು ಬಂತು.

ಬೇರೆ ಯಾರದಾಗಿದ್ದರೂ ಅದು ಬರಿಯ ಒಂದು ಕನ್ನಡಕ ಮುರಿದ ಸುದ್ದಿ. ಆದರೆ ಇವನು ಆ ಬೀದಿಗೆಲ್ಲ ಕನ್ನಡಕ ಮಾರಿದವನು. ಅದರಲ್ಲೂ, ಕಳೆದ ಚಳಿಗಾಲದಿಂದ ಅವನು ಮಾರುತ್ತಿದ್ದದ್ದು ಒಂದೇ ಬಗೆಯದು: ಮುರಿಯದ ಕನ್ನಡಕ. ಗಿರಾಕಿ ಬಂದರೆ ಏಣಿ ಹತ್ತಿ ನಿಂತು, ಎಲ್ಲರೂ ನೋಡುವಂತೆ ಕನ್ನಡಕವನ್ನು ನೆಲಕ್ಕೆ ಬಿಡುತ್ತಿದ್ದ. ಅದು ಕಪ್ಪೆಯ ಹಾಗೆ ಕುಪ್ಪಳಿಸಿ ಸುಮ್ಮನಾಗುತ್ತಿತ್ತು. "ನೋಡಿದ್ರಾ? ಇದು ಮುರಿದ್ರೆ ಮುರಿದವರದೇ ಪ್ರತಾಪ ಅನ್ನಬೇಕು. ಹಾಗೇನಾದ್ರೂ ಆದ್ರೆ ಹೊಸದು ಪುಕ್ಕಟೆ!" ಎನ್ನುತ್ತಿದ್ದ. ಮೊದಲು ಕೊಂಡವರು ನಿವೃತ್ತ ಮೇಷ್ಟ್ರು. ಕೊಂಡದ್ದಷ್ಟೇ ಅಲ್ಲ, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅದರ ಗುಣಗಾನ ಮಾಡಿ ಬೀದಿಯವರಿಗೆಲ್ಲ ಕೊಡಿಸಿದ್ದರು. ಈಗ ಮಾರಿದವನದೇ ಮುರಿಯಿತೆಂದು ಹೊರಗೆ ಗೊತ್ತಾದರೆ, ಅಂಗಡಿಗೆ ಬೀಗ ಹಾಕಿ ಕೀಲಿಕೈಯನ್ನು ಹೊಳೆಗೆ ಎಸೆಯುವುದಷ್ಟೇ ಉಳಿಯುತ್ತಿತ್ತು.

"ಅಪ್ಪಾ..." ಎಂದಳು ಪುಟ್ಟಿ. ಅವಳು ಪೆಟಿಕೋಟಿನಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು.

"ಶ್!" ಎಂದ ಅಪ್ಪ.

ಹೆಂಡತಿ ಒಳಗಿನಿಂದ ಬಂದಳು. ಮೇಜನ್ನು ನೋಡಿದಳು, ಗಂಡನನ್ನು ನೋಡಿದಳು. ಬಯ್ಯಲಿಲ್ಲ. ಫ್ರಾಕನ್ನು ಕೊಡವಿ ಗಾಜಿನ ಚೂರು ಅಂಟಿಲ್ಲವೆಂದು ಬೆರಳಾಡಿಸಿ ನೋಡಿ, ಮಗಳಿಗೆ ತೊಡಿಸಿದಳು.

"ಅಂಗಡಿಗೆ ಹೋಗಿ ಬೇರೆ ತರೋಕಾಗಲ್ವಾ?"

"ಅಂಗಡಿ ಆ ತುದೀಲಿ, ಸ್ಟೇಷನ್ನು ಈ ತುದೀಲಿ. ನನ್ನ ಪವರಿನ ಗಾಜು ರೆಡಿ ಇರಲ್ಲ, ಉಜ್ಜಿಯೇ ಕೂರಿಸಬೇಕು. ಹೋಗ್ಲಿ, ಇವತ್ತು ಬರಲ್ಲ ಅಂತ ಹೇಳಿಬಿಡ್ಲಾ?"

ಪುಟ್ಟಿಯ ಕೆಳತುಟಿ ಮುಂದೆ ಬಂತು. ನಗರದ ರಾಜಬೀದಿಯನ್ನು ತೋರಿಸುತ್ತೇನೆಂದು ಅವಳಿಗೆ ಹೇಳುತ್ತ ಬಂದದ್ದು ಇಂದು ನಿನ್ನೆಯಲ್ಲ. ಅವಳು ಹಲ್ಲು ಬಿದ್ದು ಹಲ್ಲು ಬರುವಷ್ಟು ಕಾಲ ಕಾದಿದ್ದಳು.

ಅಮ್ಮ ಅವಳ ಮುಂದೆ ಕೂತು ಗುಂಡಿ ಹಾಕುತ್ತ ಹೇಳಿದಳು: "ನೋಡು ಚಿನ್ನ, ನಾವು ಹೋಗೋಣ. ಆದ್ರೆ ಇವತ್ತೊಂದಿನ ಕನ್ನಡಕದ ವಿಚಾರ ಯಾರ ಮುಂದೂ ಏನೂ ಕೇಳಬಾರದು. ಕೇಳಬೇಕು ಅನ್ಸಿದ್ರೆ ನನ್ನ ಕೈ ಹಿಸುಕು. ಮನೆಗೆ ಬಂದ್ಮೇಲೆ ಎಷ್ಟು ಬೇಕೋ ಅಷ್ಟು ಕೇಳು."

ಪುಟ್ಟಿ ತಲೆಯಾಡಿಸಿದಳು. ಪ್ರಶ್ನೆ ಕೇಳುವುದನ್ನು ಬಿಟ್ಟರೆ ಉಸಿರಾಡುವುದೊಂದೇ ಅವಳಿಗೆ ಗೊತ್ತಿದ್ದ ಇನ್ನೊಂದು ಕೆಲಸ. ಅಂಥವಳು ಒಪ್ಪಿದ್ದು ದೊಡ್ಡ ತ್ಯಾಗವೇ.

ಹೊರಗೆ ಮೇಷ್ಟ್ರ ಜೊತೆ ಮೇಲ್ಮನೆ ಅಜ್ಜಿಯೂ ಎದುರುಮನೆ ಟೈಲರನೂ ನಿಂತಿದ್ದರು. ಹೊರಡುವ ಮಾತನ್ನು ಕನ್ನಡಕದಣ್ಣ ಮನೆಯವರಿಗಷ್ಟೇ ಹೇಳಿದ್ದ. ಅದು ಹೇಗೋ ಮೆಟ್ಟಿಲು ಹತ್ತಿ ಅಜ್ಜಿಗೂ, ಬೀದಿ ದಾಟಿ ಟೈಲರನಿಗೂ ಮೇಷ್ಟ್ರಿಗೂ ತಲುಪಿ, ಮೂವರೂ "ನಾವೂ ಬರ್ತೀವಿ" ಎಂದು ಬುತ್ತಿ ಕಟ್ಟಿಬಿಟ್ಟಿದ್ದರು. ಮೂವರಿಗೂ ರಾಜಬೀದಿಯ ಮೇಲೆ ಒಮ್ಮೆಲೇ ಅಷ್ಟು ಪ್ರೀತಿ ಹುಟ್ಟಿದ್ದೇಕೆಂದು ಅವನು ಯೋಚಿಸಿರಲಿಲ್ಲ.

"ಎಲ್ಲಯ್ಯಾ ಕನ್ನಡಕ?" ಎಂದರು ಮೇಷ್ಟ್ರು ಬಾಗಿಲಲ್ಲೇ.

ಕನ್ನಡಕದಣ್ಣನ ಬಾಯಿ ಒಣಗಿತು. ಆದರೆ ವ್ಯಾಪಾರಿಯ ನಾಲಿಗೆ ಒಣಗಿದರೂ ಹೊರಳುತ್ತದೆ. "ಇವತ್ತು ಕಣ್ಣಿಗೆ ರಜೆ, ಮೇಷ್ಟ್ರೇ. ಆಗಾಗ ಕಣ್ಣಿಗೆ ಬರೀ ಗಾಳಿ ಸೋಕಬೇಕು. ದೂರದ ಹಸಿರು ನೋಡಬೇಕು. ನಮ್ಮ ಕಸುಬಿನೋರೆಲ್ಲ ಹೀಗೇ ಮಾಡ್ತೀವಿ."

ಮೇಷ್ಟ್ರು ತಮ್ಮ ಮೂಗಿನ ಮೇಲಿನದನ್ನು ಸರಕ್ಕನೆ ತೆಗೆದು ಜೇಬಿಗೆ ಹಾಕಿಕೊಂಡರು. "ಸರಿ ಹೇಳಿದೆ. ನಾನೂ ರಜೆ ಕೊಡ್ತೀನಿ."

"ನಂಗೂ ಇರ್ಲಿ ರಜೆ" ಎಂದಳು ಅಜ್ಜಿ. ಟೈಲರ್ ಟೋಪಿಯ ಜೊತೆಗೇ ತನ್ನದನ್ನು ತೆಗೆದು, ಟೋಪಿಯೊಂದನ್ನು ಮಾತ್ರ ಮತ್ತೆ ಹಾಕಿಕೊಂಡ.

ತನ್ನ ಮಾತಿಗೆ ಇಷ್ಟೊಂದು ಬೆಲೆ ಇದೆಯೆಂದು ಕನ್ನಡಕದಣ್ಣನಿಗೆ ಗೊತ್ತಿರಲಿಲ್ಲ. ಅವನ ಎದೆ ತುಂಬಿ ಬಂತು. ಅದೇ ಹೊತ್ತಿಗೆ ಪುಟ್ಟಿ ಮೇಷ್ಟ್ರ ಜೇಬನ್ನು ನೋಡಿದಳು, ಅಜ್ಜಿಯ ಚೀಲವನ್ನು ನೋಡಿದಳು, ಟೈಲರನ ಟೋಪಿಯನ್ನು ನೋಡಿದಳು. ಅಮ್ಮನ ಕೈಯನ್ನು ಹಿಂಡಿ ಹಿಪ್ಪೆ ಮಾಡಿದಳು.

"ಮನೆಗೆ ಬಂದ್ಮೇಲೆ" ಎಂದಳು ಅಮ್ಮ, ಕೈ ಬಿಡಿಸಿಕೊಳ್ಳದೆ.

ರಾಜಬೀದಿ ಆ ಬೀದಿಯವರಿಗೆಲ್ಲ ಚೆನ್ನಾಗಿ ಗೊತ್ತು. ಯಾರೂ ಹೋಗಿರಲಿಲ್ಲ, ಆದರೂ ಗೊತ್ತು. ಕನ್ನಡಕದ ಅಂಗಡಿ ರೈಲಿನ ಡಬ್ಬಿಯ ಒಂದು ಕೋಣೆಯಷ್ಟೇ ಉದ್ದ. ದೂರದ ನೋಟ ಪರೀಕ್ಷಿಸಲು ಅಷ್ಟು ಜಾಗ ಸಾಲದು. ಅದಕ್ಕೆ ಅವನು, ಆ ಕಸುಬಿನ ಬಹಳ ಮಂದಿ ಮಾಡುವಂತೆ, ಗಿರಾಕಿಯ ಎದುರಿಗೆ ಒಂದು ಕನ್ನಡಿ ನಿಲ್ಲಿಸಿದ್ದ; ನೋಡಬೇಕಾದದ್ದನ್ನು ಗಿರಾಕಿಯ ಬೆನ್ನ ಹಿಂದಿನ ಗೋಡೆಯ ಮೇಲೆ ತೂಗುಹಾಕಿದ್ದ. ಕನ್ನಡಿಯೊಳಗೆ ನೋಡಿದರೆ ಅದು ದೂರದಲ್ಲಿದ್ದಂತೆ ಕಾಣುತ್ತದೆ. ಅಲ್ಲಿ ತೂಗುತ್ತಿದ್ದದ್ದು ಕನ್ನಡಿಗೆಂದೇ ಉಲ್ಟಾ ಬರೆದ ಅಕ್ಷರಗಳ ಹಲಗೆ, ಅದರ ಪಕ್ಕದಲ್ಲಿ ರಾಜಬೀದಿಯ ದೊಡ್ಡ ಬಣ್ಣದ ಚಿತ್ರ. "ಗಡಿಯಾರದ ಗೋಪುರದ ಮುಳ್ಳು ಕಾಣುತ್ತಾ? ಕುದುರೆ ಸವಾರನ ಲಗಾಮು? ರಂಗಮಂದಿರದ ಕಂಬಗಳು?" ಎಂದು ಕೇಳಿ ಕೇಳಿ ಅವನಿಗೆ, ಹೇಳಿ ಹೇಳಿ ಗಿರಾಕಿಗಳಿಗೆ, ಆ ಬೀದಿ ಬಾಯಿಪಾಠವಾಗಿತ್ತು. ಚಿತ್ರವನ್ನು ತೂಗುಹಾಕಿದ ದಿನ ಬಿಟ್ಟರೆ ಅವನೂ ಅದನ್ನು ತಿರುಗಿ ನೋಡಿದವನಲ್ಲ. ಅವನ ಕಣ್ಣು ಯಾವಾಗಲೂ ಕನ್ನಡಿಯ ಕಡೆಗೆ.

ಹಾಗಾಗಿ ಸ್ಟೇಷನ್ನಿನಿಂದ ಹೊರಬಿದ್ದು, ರಾಜಬೀದಿಯ ಬಾಗಿಲ ಕಮಾನಿನ ಕೆಳಗೆ ನಿಂತಾಗ ಅವನಿಗೆ ಅಳುಕೇ ಆಗಲಿಲ್ಲ. ಕಣ್ಣಿಗೆ ಕಾಣದಿದ್ದರೇನು, ಮನಸ್ಸಿನಲ್ಲಿ ಎಲ್ಲ ಅಚ್ಚಾಗಿದೆ. ಒಂದು ಕೈಯಲ್ಲಿ ಪುಟ್ಟಿಯ ಕೈ ಹಿಡಿದು, ಇನ್ನೊಂದನ್ನು ಸೇನಾಪತಿಯಂತೆ ಚಾಚಿದ.

"ನಿಮ್ಮ ಎಡಗಡೆ ನೋಡಿ! ಗಡಿಯಾರದ ಗೋಪುರ. ಆಹಾ, ಏನು ಎತ್ತರ! ಮುಳ್ಳು ಕೂಡ ಹೇಗೆ ನಿಚ್ಚಳ!"

ಮೂವರೂ ಎಡಕ್ಕೆ ಕತ್ತೆತ್ತಿದರು. ಎಡಗಡೆ ಎತ್ತರವಾಗಿ ಬೂದುಬಣ್ಣದ್ದೇನೋ ಇತ್ತು.

"ಭವ್ಯ!" ಎಂದರು ಮೇಷ್ಟ್ರು.

"ಕಲ್ಲಿನ ಕೆಲಸ ನೋಡಿ, ಬಟ್ಟೆ ಮೇಲೆ ಎಂಬ್ರಾಯ್ಡರಿ ಹಾಕಿದ ಹಾಗಿದೆ" ಎಂದ ಟೈಲರ್.

ಅಷ್ಟರಲ್ಲಿ ಬಲಗಡೆಯಿಂದ ಢಣ್ ಎಂದು ಗಂಟೆ ಹೊಡೆಯಿತು. ಎದೆಗೂಡು ನಡುಗುವಂಥ, ತುಂಬಿದ, ಗಂಭೀರವಾದ ಗಂಟೆ. 

"ಗೋಪುರ ಎಡಕ್ಕಿದೆ, ಗಂಟೆ ಬಲಕ್ಕೆ ಹೊಡೀತಿದೆಯಲ್ಲೋ?" ಎಂದಳು ಅಜ್ಜಿ.

"ಎಡಕ್ಕಿರೋದು ಬ್ಯಾಂಕು, ಅಜ್ಜಿ" ಎಂದಳು ಕನ್ನಡಕದಣ್ಣನ ಹೆಂಡತಿ ಸಮಾಧಾನವಾಗಿ.

ಗೊಂದಲ ಎದ್ದಿತು. ಟೈಲರನಿಗೂ ಚೆನ್ನಾಗಿ ನೆನಪಿತ್ತು, ಗೋಪುರ ಎಡಗಡೆಗೇ. ಅಜ್ಜಿಯೂ ಆಣೆ ಹಾಕಿದಳು. ಮೇಷ್ಟ್ರು ಕೊಡೆಯ ತುದಿಯಿಂದ ನೆಲದ ಮೇಲೆ ಗೆರೆ ಎಳೆದು ಬಹಳ ಹೊತ್ತು ಲೆಕ್ಕ ಹಾಕಿದರು.

"ಗೊತ್ತಾಯ್ತು. ನಾವು ಬೀದೀನ ಕೊನೆಯಿಂದ ಶುರು ಮಾಡಿದೀವಿ. ಆ ತುದಿಯಿಂದ ಬಂದ್ರೆ ಗೋಪುರ ತಾನಾಗಿ ಎಡಕ್ಕೆ ಬರುತ್ತೆ. ನಡೀರಿ ಆ ತುದಿಗೆ!"

"ಮೇಷ್ಟ್ರೇ, ಹೇಗೂ ನಡೀತೀವಲ್ಲ, ನೋಡ್ಕೊಂಡೇ ಹೋಗೋಣ" ಎಂದ ಕನ್ನಡಕದಣ್ಣ.

"ಎಲ್ಲಾದ್ರೂ ಉಂಟಾ! ಇಷ್ಟು ವರ್ಷ ಕಾದು, ಹಿಂದುಮುಂದಾಗಿ ನೋಡೋದೇ? ಕತೇನ ಕೊನೇ ಪುಟದಿಂದ ಓದಿದ ಹಾಗಾಗುತ್ತೆ. ಎಲ್ಲರೂ ತಲೆ ತಗ್ಗಿಸಿ. ಯಾರೂ ಆ ಕಡೆ ಈ ಕಡೆ ನೋಡಬಾರದು!"

ದೇಶದೇಶಗಳಿಂದ ಜನ ಬಂದು ಕತ್ತೆತ್ತಿ ಬೆರಗಾಗುವ ಆ ಬೀದಿಯ ಉದ್ದಕ್ಕೂ ಇವರು ತಂತಮ್ಮ ಹೆಬ್ಬೆರಳು ನೋಡುತ್ತ ನಡೆದರು. ಮುಂದೆ ಪುಟ್ಟಿ, ಅವಳ ಕೈ ಹಿಡಿದು ಅಪ್ಪ, ಅವನ ಅಂಗಿ ಹಿಡಿದು ಟೈಲರ್, ಟೈಲರನ ತೋಳಿಗೆ ಅಜ್ಜಿ, ಎಲ್ಲರ ಹಿಂದೆ ಕೊಡೆ ಊರಿಕೊಂಡು ಮೇಷ್ಟ್ರು, ಪಕ್ಕದಲ್ಲಿ ಚೀಲ ಹೊತ್ತು ಅಮ್ಮ. ತಾಯಿ ಬಾತುಕೋಳಿಯ ಹಿಂದೆ ಮರಿಗಳು ಹೋಗುವುದನ್ನು ನೋಡಿದ್ದೇವೆ. ಇಲ್ಲಿ ಮರಿಯ ಹಿಂದೆ ಮುದಿ ಬಾತುಗಳು ಸಾಲುಗಟ್ಟಿದ್ದವು. ಬೆಂಚಿನ ಮೇಲೆ ಕೂತವರು ಎದ್ದುನಿಂತು ದಾರಿ ಬಿಟ್ಟರು. ಯಾರೋ ಒಬ್ಬರು ಟೋಪಿ ತೆಗೆದು ಎದೆಗಿಟ್ಟುಕೊಂಡು, "ಪಾಪ, ಮನೇಲಿ ಏನೋ ಆಗಿರಬೇಕು" ಎಂದದ್ದೂ ಕೇಳಿಸಿತು.

ಆ ತುದಿಗೆ ತಲುಪಿ ತಿರುಗಿ ನಿಂತರು. ಗೋಪುರವೇನೋ ಎಡಕ್ಕೆ ಬಂದಿತ್ತು. ಆದರೆ ಬೀದಿಯ ನಟ್ಟನಡುವೆ ಮುಖ ಕೊಟ್ಟು ನಿಲ್ಲಬೇಕಾಗಿದ್ದ ಕಂಚಿನ ಕುದುರೆ ಇವರಿಗೆ ಬಾಲ ತೋರಿಸುತ್ತಿತ್ತು. ಅದು ಎಷ್ಟು ದೊಡ್ಡ ಹಿಂಭಾಗವೆಂದರೆ, ರಜೆಯಲ್ಲಿದ್ದ ಕಣ್ಣುಗಳಿಗೂ ಕಂಡಿತು.

"ಇದ್ಯಾವ ಮರ್ಯಾದೆ!" ಎಂದಳು ಅಜ್ಜಿ.

ಪುಟ್ಟಿ ಅಪ್ಪನ ತೋಳನ್ನು ಕೆಳಗೆಳೆದು ಕಿವಿಯಲ್ಲಿ ಹೇಳಿದಳು. "ಅಪ್ಪಾ, ನಮ್ಮಂಗಡೀಲಿ ಅದು ಕನ್ನಡಿ."

ಕನ್ನಡಕದಣ್ಣ ಕಣ್ಣು ಮುಚ್ಚಿದ. ಮನಸ್ಸಿನ ಚಿತ್ರವನ್ನು ಕಾಗದ ಮಗುಚಿದ ಹಾಗೆ ಮಗುಚಿ ನೋಡಿದ. ಎಡದ ಗೋಪುರ ಬಲಕ್ಕೆ ಹೋಯಿತು, ಬಲದ ರಂಗಮಂದಿರ ಎಡಕ್ಕೆ ಬಂತು, ಕುದುರೆ ಮೆಲ್ಲನೆ ಇನ್ನೊಂದು ಕಾಲೆತ್ತಿತು. ಅವನಿಗೆ ನಗು ತಡೆಯಲಾಗಲಿಲ್ಲ. "ಮೇಷ್ಟ್ರೇ, ಇಡೀ ಬೀದೀನೇ ನಾವು ಕನ್ನಡೀಲಿ ನೋಡಿ ಕಲ್ತಿದ್ವಿ! ಮೊದಲು ನಿಂತಿದ್ವಲ್ಲ, ಅದೇ ಸರಿ."

"ನನ್ನ ಕೈಲಿ ಪಾಠ ಕಲಿತವನಾಗಿದ್ರೆ ಮೊಣಕಾಲಿನ ಮೇಲೆ ನಿಲ್ಲಿಸ್ತಿದ್ದೆ" ಎಂದರು ಮೇಷ್ಟ್ರು. ಹೇಳಿ ಅವರೂ ನಕ್ಕರು. ಎಲ್ಲರೂ ಮತ್ತೆ ತಲೆ ತಗ್ಗಿಸಿ ಕಮಾನಿಗೆ ಮರಳಿದರು. ಬೆಂಚಿನವರು ಮತ್ತೆ ಎದ್ದುನಿಂತರು.

ಮೂರನೆಯ ಸಲ ಅವರು ತಲೆಯೆತ್ತಿ ನಡೆದರು.

ಈಗ ರಾಜಬೀದಿ ಅವರಿಗೆ ತನ್ನನ್ನು ತೋರಿಸಿಕೊಂಡಿತು. ಎರಡೂ ಬದಿಯ ಮರಗಳು ಮೇಲೆ ಕೈ ಹಿಡಿದುಕೊಂಡಿದ್ದವು. ಅವುಗಳ ನಡುವೆ ಬೆಳಕು ಸೋಸಿ ಸೋಸಿ ಬೀಳುತ್ತಿತ್ತು. ಕನ್ನಡಕದಣ್ಣ ಚಿತ್ರದಲ್ಲಿ ಪ್ರತಿಯೊಂದು ಕಿಟಕಿಯನ್ನೂ ಬಲ್ಲವನು. ಆದರೆ ಕಿಟಕಿಗಳೆಲ್ಲ ಕರಗಿ ಒಂದು ಬಂಗಾರದ ಪಟ್ಟಿಯಾಗುವುದನ್ನು ಅವನು ಕಂಡಿರಲಿಲ್ಲ. ಎಲೆಗಳೆಂಬುದೇ ಇರಲಿಲ್ಲ; ಹಸಿರೆಂಬುದು ಮಾತ್ರ ಇತ್ತು, ಉಸಿರಾಡುತ್ತ ಇತ್ತು. ಜನರ ಬಣ್ಣಬಣ್ಣದ ಬಟ್ಟೆಗಳು ನೀರಿಗೆ ಬಿದ್ದ ಹೂಗಳಂತೆ ತೇಲಿ ಬರುತ್ತಿದ್ದವು. ದೂರದಲ್ಲಿ ಕಾರಂಜಿ ಒಂದು ಬಿಳಿಯ ಮೋಡವಾಗಿ ನೆಲದಿಂದ ಎದ್ದು ನೆಲಕ್ಕೇ ಇಳಿಯುತ್ತಿತ್ತು. ಪುಟ್ಟಿಯ ಕೈ ಹಿಡಿದು ನಡೆಯುತ್ತಿದ್ದವನಿಗೆ, ನನ್ನ ಮಗಳನ್ನು ನಾನು ಕರೆತಂದೆನೋ, ಅವಳು ನನ್ನನ್ನು ಕರೆತಂದಳೋ ಎನ್ನಿಸಿತು. ಯಾರು ಯಾರನ್ನು ತಂದಿದ್ದರೂ ಬಂದದ್ದು ಒಳ್ಳೆಯದಾಯಿತು ಎಂದೂ ಅನ್ನಿಸಿತು.

"ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿರಲಿಲ್ಲ ಕಣೇ" ಎಂದ ಹೆಂಡತಿಗೆ, ಸಣ್ಣ ದನಿಯಲ್ಲಿ.

"ಹೂಂ. ಮೆಟ್ಟಿಲಿದೆ, ಕಾಲೆತ್ತು" ಎಂದಳು ಅವಳು.

ಕುದುರೆ ಸವಾರನ ಕಟ್ಟೆಯ ಮೇಲೆ ಏನೋ ಕೆತ್ತಿದಂತಿತ್ತು.

"ಓದಪ್ಪಾ, ಎಲ್ಲರಿಗೂ ಕೇಳಿಸೋ ಹಾಗೆ" ಎಂದರು ಮೇಷ್ಟ್ರು.

"ಛೆ ಛೆ, ನೀವು ಗುರುಗಳು. ನೀವಿರುವಾಗ ನಾನು ಓದೋದೇ?"

"ಬೇಡ ಬೇಡ, ಕರಕೊಂಡು ಬಂದವನು ನೀನು. ಟೈಲರ್, ನೀನಾದ್ರೂ ಓದು."

"ನಂಗೆ ಕಲ್ಲಿನ ಮೇಲಿನ ಅಕ್ಷರ ಅಂದ್ರೆ ಮೊದಲಿಂದ್ಲೂ ಅಷ್ಟಕ್ಕಷ್ಟೇ" ಎಂದ ಟೈಲರ್. ಅಜ್ಜಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಕಡೆಗೆ ಪುಟ್ಟಿಯೇ ಕಾಗುಣಿತ ಕೂಡಿಸಿ ಓದಿದಳು: "ಹುಲ್ಲಿನ ಮೇಲೆ ನಡೆಯಬೇಡಿ."

ಎಲ್ಲರೂ ಗಂಭೀರವಾಗಿ ತಲೆದೂಗಿ, ಹುಲ್ಲಿನ ಮೇಲಿಂದ ಇಳಿದರು.

ಕಾರಂಜಿಯ ಬಳಿ ಬುತ್ತಿ ಬಿಚ್ಚಿ ತಿಂದು ಕೈತೊಳೆದ ಮೇಲೆ ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು. "ಸ್ವಲ್ಪ ಹೊತ್ತು ಎಲ್ಲರೂ ಅವರವರ ಪಾಡಿಗೆ ಸುತ್ತಾಡ್ಕೊಂಡು ಬರೋಣ್ವಾ?"

"ಒಳ್ಳೇದು" ಎಂದಳು ಅಜ್ಜಿ. "ತುಂಬಾ ಒಳ್ಳೇದು" ಎಂದ ಟೈಲರ್. ಕನ್ನಡಕದಣ್ಣನಿಗೆ ದೇವರೇ ಕಣ್ಣುಬಿಟ್ಟಂತಾಯಿತು. ಬರುವಾಗಲೇ ಅವನು ಒಂದನ್ನು ಗುರುತಿಟ್ಟುಕೊಂಡಿದ್ದ. ಬೀದಿಯ ಅಷ್ಟೆಲ್ಲ ವೈಭವದ ನಡುವೆ ಅವನ ಬರಿಗಣ್ಣಿಗೂ ಸ್ಪಷ್ಟವಾಗಿ ಕಂಡದ್ದು ಅದೊಂದೇ: ಬಾಗಿಲ ಮೇಲೆ ಗಾಡಿಯ ಗಾಲಿಗಳಷ್ಟು ದೊಡ್ಡ ಕನ್ನಡಕ ತೂಗುಹಾಕಿದ ಅಂಗಡಿ. ಒಳಗೆ ಹೋಗಿ, ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಮುರಿದ ಕನ್ನಡಕವನ್ನು ಜೋಡಿಸಿಕೊಂಡು, ಸಂಜೆಯ ರೈಲಿಗೆ ಏನೂ ಆಗದವನಂತೆ ಬಂದುಬಿಟ್ಟರೆ ಮಾನ ಉಳಿಯಿತು.

ಹೆಂಡತಿ ಚೀಲಗಳನ್ನು ಕಾಯುತ್ತ ಚಪ್ಪಲಿ ಬಿಚ್ಚಿ ಕೂತಳು. ಪುಟ್ಟಿ ಅಪ್ಪನನ್ನು ನಡೆಸಿಕೊಂಡು ಹೋದಳು.

ಅಂಗಡಿ ಎಂದರೆ ಅಂಗಡಿ. ಕಾಲಿಟ್ಟರೆ ಹೂತುಹೋಗುವಂಥ ಹಾಸು, ಗೋಡೆಗೆಲ್ಲ ಕನ್ನಡಿ, ಮಖಮಲ್ಲಿನ ತಟ್ಟೆಗಳಲ್ಲಿ ಸಾಲುಸಾಲು ಕನ್ನಡಕಗಳು. ತನ್ನ ಕಸುಬಿಗೆ ಇಂಥ ಅರಮನೆಯೂ ಉಂಟೇ ಎಂದು ಕನ್ನಡಕದಣ್ಣನ ಮೈ ಜುಮ್ಮೆಂದಿತು. ಗೋಡೆಯ ಪಕ್ಕದ ಬೆಂಚಿನಲ್ಲಿ ಕಾಯುತ್ತಿದ್ದ ಮಸುಕು ಆಕೃತಿಗಳ ತುದಿಗೆ ಅವನೂ ಒತ್ತಿಕೊಂಡು ಕೂತ. ಪುಟ್ಟಿ ಬೆಂಚನ್ನು ನೋಡಿದಳು. ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಆಸ್ಪತ್ರೆಯಲ್ಲಿದ್ದಂತೆ ಅಲ್ಲಿ ಎಲ್ಲರೂ ಪಿಸುಗುಟ್ಟುತ್ತಿದ್ದರು. ಕನ್ನಡಕದಣ್ಣನೂ ಪಕ್ಕದವನ ಕಡೆ ಬಾಗಿ ಪಿಸುಗುಟ್ಟಿದ. "ನಂದು ಇಸ್ತ್ರಿಪೆಟ್ಟಿಗೆ ಕೆಳಗೆ ಸಿಕ್ತು. ನಿಮ್ಮದು?"

"ನಾನು ಅದರ ಮೇಲೆ ಕೂತುಬಿಟ್ಟೆ" ಎಂದು ಪಕ್ಕದವರು ಪಿಸುಗುಟ್ಟಿದರು. "ತಿಂಗಳ ಮೇಲಾಯ್ತು. ಅಂಟು ಹಾಕಿ ಹಾಕಿ ಸಾಕಾಯ್ತು."

"ಕೊಟ್ಟವರ ಹತ್ರಾನೇ ಹೋಗಬಹುದಿತ್ತಲ್ಲ?"

"ಹೇಗೆ ಹೋಗೋದು? ಮುರಿಯಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದವನೇ ನಾನು. ಬೀದೀಲಿ ಎಲ್ಲರದೂ ಗಟ್ಟಿಯಾಗಿದೆ, ನಂದೊಂದೇ ಹೀಗೆ. ಕೊಟ್ಟವನೂ ಒಳ್ಳೇ ಹುಡುಗ. ಹೊಸದು ಪುಕ್ಕಟೆ ಅಂದಿದಾನೆ. ಪಾಪ, ಸಣ್ಣ ಅಂಗಡಿ, ಸಣ್ಣ ಮಗು ಬೇರೆ."

"ನಿಮ್ಮಂಥೋರು ನಮ್ಮ ಬೀದೀಲಿ ಇದ್ದಿದ್ರೆ!" ಎಂದು ಕನ್ನಡಕದಣ್ಣ ನಿಟ್ಟುಸಿರುಬಿಟ್ಟ. "ನಮ್ಮಲ್ಲೊಬ್ರು ಮೇಷ್ಟ್ರಿದಾರೆ. ನಂದು ಮುರೀತು ಅಂತ ಅವರಿಗೇನಾದ್ರೂ ಗೊತ್ತಾದ್ರೆ, ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿ ನನ್ನ ಚರ್ಮ ಸುಲಿದುಬಿಡ್ತಾರೆ."

ಪಕ್ಕದವರು ಅವನ ಕಡೆ ತಿರುಗಿದರು.

"ಯಾವ ಮೆಟ್ಟಿಲು?" ಎಂದರು. ಈಗ ಪಿಸುದನಿಯಲ್ಲ.

ಬೆಳಿಗ್ಗೆ ಬೀದಿಯಿಂದ ಕೂಗಿ ಕರೆದದ್ದು ಇದೇ ದನಿ. ಬೆಂಚಿನ ಆ ತುದಿಯಿಂದ ಪರಿಚಯದ ಕೆಮ್ಮೊಂದು ಬಂತು. ನಡುವೆ ಯಾರೋ ಟೋಪಿ ತೆಗೆದರು.

"ಕುಕ್ಕರಿನ ಮುಚ್ಚಳ ಬಿತ್ತು ಕಣೋ" ಎಂದಳು ಅಜ್ಜಿ ಕತ್ತಲಲ್ಲಿ ಸಿಕ್ಕಿಬಿದ್ದವಳಂತೆ. "ಒಂದು ಕಡ್ಡಿ ಹೋಯ್ತು. ನಿಂಗೆ ನೋವಾಗುತ್ತೆ ಅಂತ ಸುಮ್ಮನಿದ್ದೆ."

"ನಂದು ಮೆಷಿನ್ನಿನ ಪೆಡಲ್ಲು" ಎಂದ ಟೈಲರ್. "ಕರಿ ದಾರ ಹಾಕಿ ಹೊಲಿದಿದ್ದೆ. ಬೆವರಿಗೆ ಬಿಟ್ಕೊಳ್ತು."

ಅಂಗಡಿಯ ಹುಡುಗಿ ಮೂವರ ಕನ್ನಡಕಗಳನ್ನು ಮಖಮಲ್ಲಿನ ತಟ್ಟೆಯಲ್ಲಿ ಹೊತ್ತು ತಂದಳು. ಕನ್ನಡಕದಣ್ಣ ತಲೆತಗ್ಗಿಸಿ, ಕರವಸ್ತ್ರದ ಗಂಟು ಬಿಚ್ಚಿ, ತನ್ನದನ್ನೂ ಅವುಗಳ ಪಕ್ಕಕ್ಕಿಟ್ಟ. ನಾಲ್ಕೂ ಒಂದೇ ತಾಯಿಯ ಮಕ್ಕಳಂತೆ ಸೊಟ್ಟಗೆ ಮಲಗಿದವು.

ಮೇಷ್ಟ್ರು ಎಲ್ಲರ ಮುಖವನ್ನೂ ಹುಡುಕಿದರು. ಅವರಲ್ಲಿ ನಿಧಾನವಾಗಿ ಧೈರ್ಯ ಮರಳುತ್ತಿತ್ತು. "ಅಲ್ಲಯ್ಯಾ, ನಂದೊಂದೇ ಅಂತ ನಾಚ್ಕೊಂಡಿದ್ದೆ. ಎಲ್ಲರದೂ ಹೀಗೇನಾ? ಹಾಗಾದ್ರೆ ದಾಕ್ಷಿಣ್ಯ ಯಾಕೆ? ನಾಳೆ ಬೆಳಿಗ್ಗೆ ಅಂಗಡಿಗೆ ಬರ್ತೀನಿ. ಪುಕ್ಕಟೆ ಅಂದಿದ್ದೆ ತಾನೇ?"

"ನಾನೂ ಬರ್ತೀನಿ" ಎಂದಳು ಅಜ್ಜಿ. "ನಮ್ಮ ಬೀದೀಲಿ ಇನ್ನೂ ಯಾರ್ಯಾರದು ಆಗಿದೆಯೋ, ಎಲ್ಲರಿಗೂ ಹೇಳಿ ಕರಕೊಂಡೇ ಬರ್ತೀನಿ" ಎಂದ ಟೈಲರ್, ಉಪಕಾರ ಮಾಡುವವನ ಹುಮ್ಮಸ್ಸಿನಲ್ಲಿ.

ಕನ್ನಡಕದಣ್ಣ ಹಾಸಿನೊಳಗೆ ಹೂತು ಮಾಯವಾಗಲು ನೋಡಿದ. ಅಷ್ಟು ದಪ್ಪ ಹಾಸಿನಲ್ಲೂ ಅದಾಗಲಿಲ್ಲ.

"ಇವುಗಳನ್ನ ಸರಿಮಾಡೋಕಾಗಲ್ಲ ಸಾರ್" ಎಂದಳು ಅಂಗಡಿಯ ಹುಡುಗಿ, ಬಲು ಮರುಕದಿಂದ. "ಯೋಚನೆ ಬೇಡ. ಈಗ ಹೊಸ ಮಾಲು ಬಂದಿದೆ. ನೆಲಕ್ಕೆ ಹಾಕಿ, ಗೋಡೆಗೆ ಎಸೀರಿ, ಏನೂ ಆಗಲ್ಲ. ಮುರಿಯದ ಕನ್ನಡಕ!" ಎಂದು ಪೆಟ್ಟಿಗೆ ತೆರೆದಳು. ಒಳಗಿದ್ದದ್ದು ಅದೇ ಬಣ್ಣ, ಅದೇ ಆಕಾರ, ಅದೇ ಮಾಲು. ಬಾಗಿ ತೋರಿಸುವಾಗ ಅವಳ ಸ್ವಂತ ಕನ್ನಡಕ ಮೂಗಿನಿಂದ ಜಾರಿತು. ಅದನ್ನು ಅವಳು ಬೇಗ ಹಿಡಿದು ಮೇಲೇರಿಸಿದಳು. ಕಿವಿಯ ಹಿಂದೆ ಅದರ ಮುರಿದ ಕಡ್ಡಿಗೆ ಅಂಟಿಸಿದ್ದ ಬಿಳಿ ಪಟ್ಟಿ ಪುಟ್ಟಿಯ ಎತ್ತರಕ್ಕೆ ಸರಿಯಾಗಿ ಕಂಡಿತು.

ಪುಟ್ಟಿ ಸುತ್ತ ನೋಡಿದಳು. ಹಿಸುಕೋಣವೆಂದರೆ ಅಮ್ಮನ ಕೈ ಹತ್ತಿರವಿರಲಿಲ್ಲ. ಬೆಳಗಿನಿಂದ ತಡೆದಿಟ್ಟದ್ದು ಗಂಟಲವರೆಗೂ ಬಂದಿತ್ತು. ಬಾಯಿಂದ ಎರಡೂ ಕೈ ತೆಗೆದಳು.

"ಅಪ್ಪಾ, ಈ ಮುರಿಯದ ಕನ್ನಡಕ ಮುರೀದೇ ಇರೋದು ಯಾರ ಹತ್ರ ಇದೆ?"